ಪ್ರಮೋಷನ್ ತಪ್ಪಿಸಿದ್ದು ನನ್ನದೇ ಸಹಿ

ನಮ್ಮ ಕಚೇರಿಯಲ್ಲಿ ಹಿರಿಯರ ಹುಟ್ಟಿದ ದಿನ ಎಲ್ಲರಿಗೂ ಬಾಯಿಪಾಠ. ಹಾರ, ಕೇಕ್ ತರುವುದಕ್ಕೆ ಅಂತ ಅಂದುಕೊಳ್ಳಬೇಡಿ. ಯಾರಿಗೆ ಯಾವ ತಿಂಗಳು 60 ತುಂಬುತ್ತದೆ, ಯಾವ ಕುರ್ಚಿ ಖಾಲಿ ಆಗುತ್ತದೆ, ಆ ಖಾಲಿಯಿಂದ ಕೆಳಗಿನ ಎಷ್ಟು ಜನ ಒಂದೊಂದು ಮೆಟ್ಟಿಲು ಮೇಲೆ ಹೋಗುತ್ತಾರೆ ಅನ್ನೋ ಲೆಕ್ಕಕ್ಕೆ. ಮಧ್ಯಾಹ್ನ ರೊಟ್ಟಿ ಡಬ್ಬಿ ಬಿಚ್ಚಿದರೆ ಇದೇ ಮಾತು.

ನಾನು ಬಾಗಲಕೋಟೆ ನವನಗರದ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ ಆಗಿದ್ದೆ. ಯಾವ ಇಲಾಖೆ ಅಂತ ಹೇಳುವುದಿಲ್ಲ, ಇನ್ನೂ ಅಲ್ಲೇ ಅನ್ನ ತಿನ್ನಬೇಕಲ್ವಾ. ಪ್ರಥಮ ದರ್ಜೆಗೆ ಬಡ್ತಿ ಸಿಗಲು ನನಗೆ 15 ವರ್ಷ ಹಿಡಿಯಿತು. ನನ್ನ ಜೊತೆ ಸೇರಿದವರಿಗೆ ಎಂಟು ವರ್ಷಕ್ಕೇ ಸಿಕ್ಕಿತ್ತು. ಈ ಏಳು ವರ್ಷ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಲು ಕೂತರೆ ಬೇರೆಯವರ ಹೆಸರು ಬಹಳ ಸಿಗುವುದಿಲ್ಲ. ನನ್ನದೇ ಮೂರು ಸಹಿ ಸಿಗುತ್ತವೆ.

ನಮ್ಮದು ಮುಳುಗಡೆ ಮನೆತನ. ಹಳೇ ಬಾಗಲಕೋಟೆಯಲ್ಲಿ ಅಪ್ಪನದು ಸಣ್ಣ ಬಟ್ಟೆ ಅಂಗಡಿ ಇತ್ತು. ಆಲಮಟ್ಟಿ ಹಿನ್ನೀರಿಗೆ ಅಂಗಡಿ, ಮನೆ ಎರಡೂ ಹೋದವು. ನವನಗರದಲ್ಲಿ ಸೈಟು ಸಿಕ್ಕಿತು, ಗಿರಾಕಿ ಸಿಗಲಿಲ್ಲ. ನಾನು ನೌಕರಿಗೆ ಸೇರಿದ್ದು ಯೋಜನಾ ನಿರಾಶ್ರಿತರ ಮೀಸಲಾತಿಯಲ್ಲಿ, 2008ರಲ್ಲಿ. ಮೊದಲ ಜಾಗ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ.

ಚಿಕ್ಕೋಡಿಯ ಆರು ವರ್ಷದಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಎರಡು ವರ್ಷದ ಪ್ರೊಬೇಷನ್ ಮುಗಿಸಿದೆ. ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗೆ ಬೆಳಗಾವಿಗೆ ಹೋಗಿ ಬರೆದೆ. ಜನರಲ್ ಲಾ ಒಂದೇ ಏಟಿಗೆ ಆಯಿತು, ಅಕೌಂಟ್ಸ್ ಹೈಯರ್ ಮಾತ್ರ ಎರಡನೇ ಸಲಕ್ಕೆ. ಕೆಸಿಎಸ್‌ಆರ್ ಅನ್ನೋ ನೌಕರರ ಸೇವಾ ನಿಯಮಗಳ ಪುಸ್ತಕ ಕೈಯಲ್ಲಿ ಹಿಡಿದು ಬಸ್‌ನಲ್ಲಿ ಓದುತ್ತಿದ್ದೆ. ಕಂಡಕ್ಟರ್ ಒಬ್ಬರು ದಿನಾ 'ಅಕ್ಕಾರ, ಇನ್ನೂ ಮುಗೀಲಿಲ್ಲೇನ್ರಿ ಕಾದಂಬರಿ' ಅಂತ ಕೇಳುತ್ತಿದ್ದರು. ನಂತರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬಂತು. 2012ರ ನಿಯಮ ಅದು, ಪಾಸಾಗದಿದ್ದರೆ ಬಡ್ತಿಯೂ ಇಲ್ಲ, ವಾರ್ಷಿಕ ಇಂಕ್ರಿಮೆಂಟೂ ಇಲ್ಲ. ಅದೂ ಆಯಿತು. ಜಿಲ್ಲೆಯ ಸೀನಿಯಾರಿಟಿ ಪಟ್ಟಿಯಲ್ಲಿ ನನ್ನ ನಂಬರ್ 31. ಇನ್ನೆರಡು ವರ್ಷ ಕಾದರೆ ಆಗಿಬಿಡುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು.

2014ರಲ್ಲಿ ಅಪ್ಪನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅಣ್ಣ ಪುಣೆಯಲ್ಲಿ. ಅವ್ವನಿಗೆ ಆಸ್ಪತ್ರೆಯ ಚೀಟಿ ಓದಲು ಬರುವುದಿಲ್ಲ. ಬಾಗಲಕೋಟೆಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದೆ. ನಮ್ಮ ಇಲಾಖೆಯಲ್ಲಿ ದ್ವಿತೀಯ ದರ್ಜೆಯವರ ಸೀನಿಯಾರಿಟಿ ಜಿಲ್ಲಾವಾರು ನಡೆಯುತ್ತದೆ. ಸ್ವಂತ ಕೋರಿಕೆಯ ಮೇಲೆ ಬೇರೆ ಜಿಲ್ಲೆಗೆ ಹೋದರೆ ಅಲ್ಲಿನ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಕೂರಬೇಕು. 1957ರ ಜ್ಯೇಷ್ಠತಾ ನಿಯಮದಲ್ಲೇ ಇದೆ. ಸರ್ಕಾರವೇ ತನ್ನ ಅಗತ್ಯಕ್ಕೆ ನಿಮ್ಮನ್ನು ಕಳಿಸಿದರೆ ಕಥೆ ಬೇರೆ. ನೀವೇ ಕೇಳಿಕೊಂಡು ಹೋದರೆ ಹಿಂದಿನ ಸೀನಿಯಾರಿಟಿ ಹಳೇ ಜಿಲ್ಲೆಯಲ್ಲೇ ಉಳಿಯುತ್ತದೆ.

ಅದಕ್ಕೊಂದು ಮುಚ್ಚಳಿಕೆ ಬರೆದುಕೊಡಬೇಕು. 'ಸದರಿ ವರ್ಗಾವಣೆಯಿಂದ ನನ್ನ ಜ್ಯೇಷ್ಠತೆಗೆ ಆಗುವ ನಷ್ಟಕ್ಕೆ ನಾನೇ ಜವಾಬ್ದಾರಳು.' ಟೈಪ್ ಮಾಡಿದವಳೂ ನಾನೇ, ಸಹಿ ಹಾಕಿದವಳೂ ನಾನೇ. ಚಿಕ್ಕೋಡಿ ಕಚೇರಿಯ ಅಧೀಕ್ಷಕರು ಒಬ್ಬರು, ನಿವೃತ್ತಿಗೆ ಹತ್ತಿರವಿದ್ದ ಹಿರಿಯರು, ಸಹಿ ಹಾಕುವ ಮೊದಲು ಪೆನ್ನು ಹಿಡಿದುಕೊಂಡರು. 'ತಂಗಿ, ಇದು ಒಂದು ಹಾಳಿ ಅಲ್ಲ, ಆರು ವರ್ಷ. ಎರಡು ದಿನ ತಡಿ' ಅಂದರು. ನಾನು ತಡೆಯಲಿಲ್ಲ. ಈಗ ಕೇಳಿದರೂ ಆ ಸಹಿ ಹಾಕುತ್ತೇನೆ. ಆದರೆ ಓದಿ, ಲೆಕ್ಕ ಹಾಕಿ ಹಾಕುತ್ತೇನೆ. ಆವತ್ತು ಬೆಲೆ ಗೊತ್ತಿಲ್ಲದೆ ಕೊಂಡುಕೊಂಡಿದ್ದೆ.

ಬಾಗಲಕೋಟೆ ಪಟ್ಟಿಯಲ್ಲಿ ನನ್ನ ನಂಬರ್ 23 ಆಯಿತು. 23ಕ್ಕೇ ಪಟ್ಟಿ ಮುಗಿಯುತ್ತಿತ್ತು.

2016ರಲ್ಲಿ ಚಿಕ್ಕೋಡಿಯ ಗೆಳತಿ ಫೋನ್ ಮಾಡಿ ಪ್ರಥಮ ದರ್ಜೆ ಆಯಿತು ಅಂದಳು. ಖುಷಿಯಿಂದಲೇ ಮಾತಾಡಿದೆ. ಫೋನ್ ಇಟ್ಟ ಮೇಲೆ ಆ ದಿನದ ಟಪಾಲು ಎಲ್ಲವನ್ನೂ ತಪ್ಪು ರಿಜಿಸ್ಟರ್‌ನಲ್ಲಿ ಬರೆದಿದ್ದೆ.

ಈ ಹೊತ್ತಿಗೆ ಊರಿನ ಬುದ್ಧಿವಂತರು ಸಲಹೆ ಕೊಡಲು ಶುರು ಮಾಡಿದ್ದರು. 'ವಶೀಲಿ ಹಚ್ಚರಿ ಮೇಡಮ್ಮಾರ, ಸುಮ್ನ ಕುಂತ್ರ ಆಗೂದಿಲ್ಲ.' ಒಮ್ಮೆ ಹಚ್ಚಿಯೂ ನೋಡಿದೆ. ಪರಿಚಯದವರ ಮೂಲಕ ಒಬ್ಬ ಪುಢಾರಿಯ ಮನೆಗೆ ಹೋದೆ. ಚಹಾ ಕೊಟ್ಟರು, ನನ್ನೆದುರೇ ಯಾರಿಗೋ ಫೋನ್ ಮಾಡಿದರು, 'ನಮ್ಮ ಹುಡುಗಿ ಅದಾಳ, ನೋಡ್ರಿ' ಅಂದರು. ಆ ಕಡೆಯವರು 'ನೋಡೋಣ್ರಿ ಸರ್' ಅಂದಿರಬೇಕು. ಅಷ್ಟೇ. ಇಷ್ಟು ವರ್ಷ ಒಳಗೇ ಕೂತು ನೋಡಿದ ಮೇಲೆ ನನ್ನ ಅಭಿಪ್ರಾಯ ಇದು. ವಶೀಲಿಯಿಂದ ಫೈಲ್ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಬೇಗ ಹೋಗಬಹುದು, ಬೇಕಾದ ಊರು ಸಿಗಬಹುದು. ನಮ್ಮಂಥ ಕೆಳಗಿನ ಹುದ್ದೆಗಳಲ್ಲಿ 23ನೇ ನಂಬರನ್ನು ಮೂರನೇ ನಂಬರ್ ಮಾಡಲು ಅದಕ್ಕೆ ಬರುವುದಿಲ್ಲ. ಮೇಲಿನ 22 ಜನ ಸುಮ್ಮನೆ ಬಿಡುತ್ತಾರಾ?

2017ರ ಫೆಬ್ರುವರಿಯಲ್ಲಿ ಎಲ್ಲವೂ ನಿಂತಿತು. ಮೀಸಲಾತಿಯಲ್ಲಿ ಬಡ್ತಿ ಪಡೆದವರ ಸೀನಿಯಾರಿಟಿಗೆ ಸಂಬಂಧಿಸಿದ 2002ರ ರಾಜ್ಯ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಬಂತು, ಬಿ.ಕೆ. ಪವಿತ್ರ ಪ್ರಕರಣ. ಪಟ್ಟಿಗಳನ್ನೆಲ್ಲ ಹೊಸದಾಗಿ ಮಾಡಬೇಕಾಯಿತು. ಸರ್ಕಾರ ಮತ್ತೆ ಹೊಸ ಕಾಯ್ದೆ ತಂದಿತು, ಅದನ್ನು 2019ರ ಮೇ ತಿಂಗಳಲ್ಲಿ ಕೋರ್ಟ್ ಎತ್ತಿಹಿಡಿಯಿತು. ನಡುವಿನ ಎರಡು ವರ್ಷ ಚಹಾದಂಗಡಿಯಲ್ಲಿ ಜಗಳವೋ ಜಗಳ. ಪಕ್ಕಪಕ್ಕದ ಮೇಜಿನವರು ಮಾತು ಬಿಟ್ಟಿದ್ದೂ ಉಂಟು. ಬಡ್ತಿಯಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 3 ಅಂತ 1978ರಿಂದ ಇದ್ದ ಲೆಕ್ಕ, ಅದಕ್ಕೆ 33 ಬಿಂದುವಿನ ರೋಸ್ಟರ್, ಅಂದರೆ ಎಷ್ಟನೇ ಹುದ್ದೆ ಯಾರಿಗೆ ಅನ್ನೋ ಸರದಿ ಪಟ್ಟಿ. ಜಗಳ ಮಾಡುತ್ತಿದ್ದವರಲ್ಲಿ ಆ ರೋಸ್ಟರ್ ವಹಿ ತೆರೆದು ನೋಡಿದವರು ಎಷ್ಟು ಜನ ಅಂತ ನನಗೆ ಅನುಮಾನ. ನಾನು ನೋಡಿದೆ. ನನ್ನ ನಂಬರ್ ಅದರಿಂದ ಹಿಂದೆಮುಂದೆ ಆಗಿರಲಿಲ್ಲ. ಹಿಂದೆ ಹಾಕಿದ್ದು ಮುಚ್ಚಳಿಕೆ.

ಎರಡನೇ ಸಹಿಯೂ ಆ ಗಲಾಟೆಯ ನಡುವೆಯೇ ಬಿತ್ತು. ಆಗ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಹೊರಡಿಸಿ ಎಲ್ಲರಿಗೂ ಸುತ್ತೋಲೆ ಕಳಿಸಿದರು. ಆಕ್ಷೇಪಣೆ ಇದ್ದರೆ ಬರೆಯಿರಿ, ಇಲ್ಲದಿದ್ದರೆ 'ಆಕ್ಷೇಪಣೆ ಇಲ್ಲ' ಅಂತ ಸಹಿ ಹಾಕಿ. ನನ್ನ ಹೆಸರಿನ ಮುಂದೆ ಅಕೌಂಟ್ಸ್ ಹೈಯರ್ ಕಾಲಂನಲ್ಲಿ ಒಂದು ಸಣ್ಣ ಗೆರೆ ಇತ್ತು. ಅಂದರೆ ಪಾಸಾಗಿಲ್ಲ. ಚಿಕ್ಕೋಡಿಯಿಂದ ಸೇವಾ ಪುಸ್ತಕ ಬಂದಿತ್ತು, ಆದರೆ ಎರಡನೇ ಸಲದ ಫಲಿತಾಂಶದ ನಮೂದು ಅದರಲ್ಲಿ ಇರಲಿಲ್ಲ. ನಾನು ನಂಬರ್ ಮಾತ್ರ ನೋಡಿದೆ, ಗೆರೆ ನೋಡಲಿಲ್ಲ. ಆವತ್ತು ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ. ಅಟೆಂಡರ್ ಪಟ್ಟಿ ಹಿಡಿದು ನಿಂತಿದ್ದ. ನಿಂತಲ್ಲೇ ಸಹಿ ಹಾಕಿ ಓಡಿದೆ.

ಅದನ್ನು ಸರಿ ಮಾಡಿಸಲು ಒಂದೂವರೆ ವರ್ಷ ಹಿಡಿಯಿತು. ಅಂತಿಮ ಪಟ್ಟಿಗೆ ಬಂದ ತಪ್ಪನ್ನು ತಿದ್ದಲು ಪ್ರತಿಯೊಬ್ಬರೂ ಮೊದಲು ಕೇಳುವುದು ಒಂದೇ. 'ಆಗ ಯಾಕ್ರಿ ಆಕ್ಷೇಪಣೆ ಇಲ್ಲ ಅಂತ ಬರದ್ರಿ?' ಚಿಕ್ಕೋಡಿಗೆ ಹೋಗಿ ಕೆಪಿಎಸ್‌ಸಿ ಫಲಿತಾಂಶದ ಅಧಿಸೂಚನೆ ಹುಡುಕಿಸಿ, ದೃಢೀಕರಿಸಿ, ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿ ತಂದೆ. ಇದರಲ್ಲಿ ಬಡ್ತಿ ತಪ್ಪಲಿಲ್ಲ, ಆಗ ಹೇಗೂ ಬಡ್ತಿಗಳೇ ನಿಂತಿದ್ದವು. ಅದೃಷ್ಟ ಅನ್ನಬೇಕಷ್ಟೇ.

ಇನ್ನು ಮೂರನೆಯದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಈ ತಪ್ಪನ್ನು ಮಾಡದವರು ನಮ್ಮ ಕಚೇರಿಯಲ್ಲಿ ಯಾರೂ ಇಲ್ಲ.

ಪ್ರತಿ ವರ್ಷ ಮಾರ್ಚ್ ಮುಗಿದ ಮೇಲೆ ಕಾರ್ಯನಿರ್ವಹಣಾ ವರದಿ ಬರೆಯಬೇಕು. ಹಳಬರು ಈಗಲೂ ಸಿ.ಆರ್. ಅನ್ನುತ್ತಾರೆ. ಮೊದಲ ಭಾಗ ನಾವೇ ತುಂಬುವುದು. ಈ ವರ್ಷ ಏನು ಕೆಲಸ ಮಾಡಿದಿರಿ, ಗುರಿ ಎಷ್ಟು, ಸಾಧನೆ ಎಷ್ಟು, ಹಿನ್ನಡೆ ಆಗಿದ್ದರೆ ಯಾಕೆ. ಆಮೇಲೆ ನಮ್ಮ ಮೇಲಧಿಕಾರಿ ತಮ್ಮ ಅಭಿಪ್ರಾಯ ಬರೆಯುತ್ತಾರೆ, ಅವರ ಮೇಲಿನವರು ಅದನ್ನು ನೋಡುತ್ತಾರೆ. ಬಡ್ತಿ ಸಮಿತಿ ಕೂತಾಗ ಹಿಂದಿನ ಐದು ವರ್ಷದ ಈ ವರದಿಗಳನ್ನು ತೆರೆಯುತ್ತಾರೆ. ಇಲಾಖಾ ವಿಚಾರಣೆ ಇದೆಯಾ, ದಂಡನೆ ಆಗಿದೆಯಾ ಅಂತಲೂ ನೋಡುತ್ತಾರೆ. ವಿಚಾರಣೆ ಬಾಕಿ ಇದ್ದವರ ಹೆಸರು ಮೊಹರು ಮಾಡಿದ ಲಕೋಟೆಗೆ ಹೋಗುತ್ತದೆ.

ನಾನು ದಿನಪೂರ್ತಿ ಬೇರೆಯವರ ಟಿಪ್ಪಣಿ ಬರೆಯುವವಳು. ನನ್ನ ವಿಷಯಕ್ಕೆ ಬಂದರೆ ಆರು ವರ್ಷ ಒಂದೇ ಸಾಲು ಬರೆದಿದ್ದೆ. 'ವಹಿಸಿದ ಕೆಲಸಗಳನ್ನು ನಿರ್ವಹಿಸಿದ್ದೇನೆ.' ಪಕ್ಕದ ಮೇಜಿನವರದ್ದೂ ಅದೇ ಸಾಲು. ಹೊಸದಾಗಿ ಬಂದವರು ನಮ್ಮದನ್ನು ನೋಡಿ ಅದನ್ನೇ ಬರೆಯುತ್ತಿದ್ದರು. ಕೆಲಸ ಎಲ್ಲರಿಗೂ ಕಾಣಿಸುತ್ತದೆ, ಬರೆದು ಹೇಳುವುದು ಜಂಬ ಅನ್ನೋದು ಮನೆಯಲ್ಲಿ ಕಲಿತ ಪಾಠ ಬೇರೆ.

2022ರ ಹೊತ್ತಿಗೆ ಪಟ್ಟಿಯಲ್ಲಿ ನಾನು ಮೂರನೆಯವಳಾಗಿದ್ದೆ. ಮೇಲಿದ್ದವರಲ್ಲಿ ಕೆಲವರು ನಿವೃತ್ತಿ, ಕೆಲವರಿಗೆ ಬಡ್ತಿ, ಒಬ್ಬರು ಕೋವಿಡ್‌ನಲ್ಲಿ ಹೋದರು. ಖಾಲಿ ಇದ್ದ ಹುದ್ದೆ ಮೂರು. ಮನೆಯಲ್ಲಿ ಅವ್ವ ಬನಶಂಕರಿಗೆ ಹರಕೆಯನ್ನೂ ಹೊತ್ತಿದ್ದಳು. ಸಮಿತಿ ಕೂತಿತು. ಆದೇಶದಲ್ಲಿ ಒಂದು, ಎರಡು, ನಾಲ್ಕು ನಂಬರಿನವರ ಹೆಸರು ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ಮಲಗಿದೆ. ಬೆಳಿಗ್ಗೆ ಎದ್ದ ಮೇಲೆ ಸಿಟ್ಟು ಬಂತು. ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿಗೆ ಹೋದೆ. ವಿಭಾಗೀಯ ಕಚೇರಿಯ ವಿಷಯ ನಿರ್ವಾಹಕರು ಒಳ್ಳೆಯವರು, ನಡಾವಳಿಯಲ್ಲಿ ನನ್ನ ಹೆಸರಿನ ಎದುರಿನ ಸಾಲು ಓದಿ ಹೇಳಿದರು. '2018-19ನೇ ಸಾಲಿನ ವರದಿ ಲಭ್ಯವಿಲ್ಲ. ಪ್ರಕರಣ ಮುಂದೂಡಿದೆ.'

ನಾನು ಬರೆದುಕೊಟ್ಟಿದ್ದೇನೆ ಅಂದೆ. ಕೊಟ್ಟಿದ್ದಕ್ಕೆ ಏನಿದೆ ಅಂದರು. ಏನೂ ಇರಲಿಲ್ಲ. ಸ್ವೀಕೃತಿ ಇಲ್ಲ, ಜೆರಾಕ್ಸ್ ಇಲ್ಲ. ಊರಿನ ಜನ ಅರ್ಜಿ ತಂದರೆ ಸಕಾಲದ ಸ್ವೀಕೃತಿ ಕೊಟ್ಟು, ಅದರ ಮೇಲಿನ ಜಿಎಸ್‌ಸಿ ನಂಬರ್ ಜೋಪಾನ ಅಂತ ಹೇಳಿ ಕಳಿಸುವವಳು ನಾನು.

ನಮ್ಮ ಕಚೇರಿಯ ರೆಕಾರ್ಡ್ ಕೋಣೆಯಲ್ಲಿ ಮೂರು ಶನಿವಾರ ಹುಡುಕಿದೆ. ನಡುವೆ ಒಮ್ಮೆ ಕಚೇರಿ ಕಟ್ಟಡ ಬದಲಾಗಿತ್ತು, ಆಗ ಕಡತಗಳನ್ನು ಸಿಕ್ಕ ಸಿಕ್ಕ ಹಾಗೆ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿದ್ದರು. ಗಂಟು ಬಿಚ್ಚಿದರೆ ಧೂಳು, ಇಲಿ ಹಿಕ್ಕೆ, ಬೆಳ್ಳಿಮೀನು ಹುಳು. ಮೂರನೇ ಶನಿವಾರ, ವಾಹನದ ಡೀಸೆಲ್ ಬಿಲ್ಲುಗಳ ಗಂಟಿನಲ್ಲಿ ಒಂದು ಕಂದು ಲಕೋಟೆ ಸಿಕ್ಕಿತು. ನಾಲ್ಕು ಜನರ 2018-19ರ ವರದಿಗಳು. ಮೇಲೆ ಕಳಿಸಲೇ ಇಲ್ಲ. ಬರೆದ ಅಧಿಕಾರಿ ನಿವೃತ್ತರಾಗಿ ಎರಡು ವರ್ಷವಾಗಿತ್ತು.

ಲಕೋಟೆ ಅಧೀಕ್ಷಕರಿಗೆ ಕೊಟ್ಟೆ, ಅವರೇ ತೆರೆದರು. ನನ್ನ ಹಾಳೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಾಳೆಯನ್ನೇ ನನ್ನ ಕಡೆ ತಿರುಗಿಸಿದರು.

ಮೇಲೆ ನನ್ನ ಒಂದು ಸಾಲು, ನನ್ನ ಸಹಿ. ಕೆಳಗೆ ಅಧಿಕಾರಿಯ ಅಕ್ಷರ. ದರ್ಜೆ: ಸಾಧಾರಣ. ಷರಾ: 'ಸಂಜೆ 5.30ರ ನಂತರ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.'

ನಮ್ಮ ಕಚೇರಿಯ ಸಮಯ ಬೆಳಿಗ್ಗೆ 10ರಿಂದ ಸಂಜೆ 5.30.

ನನಗೆ ನಗು ಬಂತು. ಅಧೀಕ್ಷಕರೂ ನಕ್ಕರು. ಆದರೆ ನಕ್ಕರೂ ಹಾಳೆ ಹಾಳೆಯೇ. ಆ ವರ್ಷ ಅಪ್ಪನ ಕೊನೆಯ ವರ್ಷ. ಡಯಾಲಿಸಿಸ್ ವಾರಕ್ಕೆ ಮೂರಕ್ಕೆ ಏರಿತ್ತು. 5.30ಕ್ಕೆ ಸರಿಯಾಗಿ ಎದ್ದು ಹೋಗುತ್ತಿದ್ದೆ ಅನ್ನೋದು ನಿಜ. ಉಳಿದವರು ಏಳರವರೆಗೆ ಕೂತಿರುತ್ತಿದ್ದರು, ಅರ್ಧ ಹೊತ್ತು ಸಾಹೇಬರ ಜೊತೆ ಮಾತು. ಮಾತಿನಲ್ಲಿ ಕೂರುವುದೂ ಕೆಲಸದ ಲೆಕ್ಕಕ್ಕೆ ಬರುತ್ತದೆ ಅಂತ ನನಗೆ ತಿಳಿದಿರಲಿಲ್ಲ. ಸಾಹೇಬರನ್ನು ಪೂರ್ತಿ ಬಯ್ಯಲೂ ಆಗುವುದಿಲ್ಲ. ಅವರ ಎದುರು ನಾನು ಇಟ್ಟಿದ್ದು ಒಂದೇ ಒಂದು ಸಾಲು. ಅವರಿಗೆ ನೆನಪಾಗಿದ್ದು ನನ್ನ ಖಾಲಿ ಕುರ್ಚಿ. ಅಪ್ಪನ ವಿಷಯ ಅವರಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ.

ದಾರಿ ತೋರಿಸಿದ್ದು ಇದೇ ಅಧೀಕ್ಷಕರು. ವರದಿಯಲ್ಲಿ ಏನು ಬರೆದಿದ್ದಾರೆ ಅನ್ನೋದನ್ನು ನೌಕರರಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದ ನೌಕರರ ದರ್ಜೆ 'ಉತ್ತಮ' ಅಂತ ಇತ್ತು, ಬಡ್ತಿಗೆ 'ಬಹಳ ಉತ್ತಮ' ಬೇಕಿತ್ತು. ಉತ್ತಮವನ್ನೇ ತಿಳಿಸಬೇಕು ಅಂದರೆ ಸಾಧಾರಣವನ್ನು ತಿಳಿಸದೆ ಗಂಟಿನಲ್ಲಿ ಕಟ್ಟಿಡಲು ಬರುತ್ತದಾ? 'ನಿನಗ ಯಾರೂ ತಿಳಿಸಿಲ್ಲ, ಇವತ್ತ ತಿಳೀತು. ಇವತ್ತಿಂದ ದಿನ ಎಣಿಸಿ ಮನವಿ ಬರಿ' ಅಂದರು.

ಮನವಿಯನ್ನು ನಾಲ್ಕು ದಿನ ಬರೆದೆ. ಮೊದಲ ಪ್ರತಿ ಹರಿದು ಹಾಕಿದೆ, ಅದರಲ್ಲಿ ಅಪ್ಪನ ಕಥೆ ಜಾಸ್ತಿ ಇತ್ತು. 'ಅಳು ಬ್ಯಾಡ, ಅಂಕಿ ಹಾಕು' ಅಂದರು ಅಧೀಕ್ಷಕರು. ವಿಲೇವಾರಿ ವಹಿ ತೆಗೆದೆ. ಆ ವರ್ಷ ನನ್ನ ಮೇಜಿಗೆ ಬಂದ ಸಕಾಲ ಅರ್ಜಿ 412. ಅವಧಿ ಮೀರಿದ್ದು 3, ಮೂರರಲ್ಲೂ ತಡ ಬೇರೆ ಶಾಖೆಯದು. ಆಡಿಟ್ ಆಕ್ಷೇಪಣೆ 17, ತೀರುವಳಿ ಆದದ್ದು 14. ಹನ್ನೊಂದು ತಿಂಗಳು ಪ್ರಥಮ ದರ್ಜೆಯವರ ಶಾಖೆಯನ್ನೂ ಪ್ರಭಾರದಲ್ಲಿ ನೋಡಿಕೊಂಡಿದ್ದೆ. ಹಾಜರಿ ಪುಸ್ತಕದ ಜೆರಾಕ್ಸ್, ಒಂದೂ ತಡದ ಗುರುತಿಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಹಚ್ಚಿದೆ.

ಬರೆದು ಮುಗಿಸಿ ಓದಿದಾಗ ಒಂಥರಾ ಅನಿಸಿತು. ಇಷ್ಟು ಕೆಲಸ ಮಾಡಿದ್ದೇನೆ ಅನ್ನೋದು ನನಗೇ ನೆನಪಿರಲಿಲ್ಲ. ಸಾಹೇಬರಿಗೆ ಎಲ್ಲಿಂದ ನೆನಪಿರಬೇಕು.

ಪ್ರಭಾರದ ಬಗ್ಗೆ ಒಂದು ಮಾತು, ಹೊಸಬರು ಇದರಲ್ಲಿ ಮೋಸ ಹೋಗುತ್ತಾರೆ. ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಳ್ಳುವಾಗ 'ಹೆಂಗೂ ನಾಳೆ ನಿಮ್ದ ಕುರ್ಚಿ ಅದು' ಅನ್ನುತ್ತಾರೆ. ಪ್ರಭಾರದ ದಿನಗಳಿಂದ ಸೀನಿಯಾರಿಟಿ ಒಂದು ದಿನವೂ ಹೆಚ್ಚುವುದಿಲ್ಲ. ಕೆಲಸ ಕಲಿಯುತ್ತೀರಿ, ಅದು ನಿಜ. ಆದೇಶದ ಪ್ರತಿ ಇಟ್ಟುಕೊಂಡಿದ್ದರೆ ನನಗಾದ ಹಾಗೆ ಎಂದೋ ಒಂದು ದಿನ ಹಚ್ಚಲು ಬರುತ್ತದೆ.

ಐದು ತಿಂಗಳ ನಂತರ ಉತ್ತರ ಬಂತು. ಷರಾ ತೆಗೆದುಹಾಕಿ ದರ್ಜೆಯನ್ನು 'ಉತ್ತಮ'ಕ್ಕೆ ತಿದ್ದಿದ್ದರು. ಮುಂದಿನ ಸಮಿತಿಯಲ್ಲಿ ಹೆಸರು ಹೋಯಿತು. ಆದೇಶ ಕೈಗೆ ಬಂದಿದ್ದು 2023ರ ಜೂನ್‌ನಲ್ಲಿ. ಜಾಗ ಮುದ್ದೇಬಿಹಾಳ.

ಸಂಬಳ ಎಷ್ಟು ಹೆಚ್ಚಾಯಿತು ಅಂತ ಎಲ್ಲರೂ ಕೇಳಿದರು. ಆಗಿನ ಶ್ರೇಣಿಯಲ್ಲಿ ದ್ವಿತೀಯ ದರ್ಜೆ 21,400ಕ್ಕೆ ಶುರು, ಪ್ರಥಮ ದರ್ಜೆ 27,650ಕ್ಕೆ. ಕಾಗದದ ಮೇಲೆ ದೊಡ್ಡ ಅಂತರ. ಆದರೆ ಹತ್ತು ವರ್ಷ ಬಡ್ತಿ ಇಲ್ಲದವರಿಗೆ ಕಾಲಮಿತಿ ಬಡ್ತಿಯ ವೇತನ ಅಂತ ಇದೆ, ಅದು ನನಗೆ ಮೊದಲೇ ಸಿಕ್ಕಿತ್ತು. ಹಾಗಾಗಿ ಕೈಗೆ ಬಂದ ಹೆಚ್ಚಳ ಹೇಳಿಕೊಳ್ಳುವಂಥದ್ದಲ್ಲ. ನಮ್ಮಲ್ಲಿ ಇಬ್ಬರು ಇದೇ ಲೆಕ್ಕ ಹಾಕಿ, ಊರು ಬಿಡಬೇಕಾಗುತ್ತದೆ ಅಂತ ಬಡ್ತಿಯೇ ಬೇಡ ಎಂದು ಬರೆದುಕೊಟ್ಟಿದ್ದಾರೆ. ಅವರನ್ನು ನಾನು ದಡ್ಡರು ಅನ್ನುವುದಿಲ್ಲ. ಮಕ್ಕಳ ಶಾಲೆ, ಗಂಡನ ಅಂಗಡಿ ಬಿಟ್ಟು ಹೋಗುವುದು ಸುಲಭವಾ?

ನಾನು ದಿನಾ ಓಡಾಡುತ್ತೇನೆ. ಕೃಷ್ಣೆಯನ್ನು ದಾಟಿ ಹೋಗಿ ದಾಟಿ ಬರುವುದು. ಆದೇಶ ಬಂದ ತಿಂಗಳೇ ಶಕ್ತಿ ಯೋಜನೆ ಶುರುವಾಯಿತು, ಬಸ್ ಖರ್ಚು ಉಳಿಯಿತು. ಸೀಟು ಮಾತ್ರ ಸಿಗುವುದಿಲ್ಲ. ನಿಂತೇ ಹೋಗುತ್ತೇನೆ, ಪ್ರಥಮ ದರ್ಜೆಯಲ್ಲಿ.

ಪ್ರಥಮ ದರ್ಜೆಯವರ ಪಟ್ಟಿ ವಿಭಾಗ ಮಟ್ಟದ್ದು, ಏಳು ಜಿಲ್ಲೆ ಸೇರಿ. ಹೋದ ತಿಂಗಳು ತಾತ್ಕಾಲಿಕ ಪಟ್ಟಿ ಬಂತು. ಅಟೆಂಡರ್ ಸಹಿಗೆ ನಿಂತಿದ್ದ. ಕೂತುಕೊಳ್ಳಪ್ಪ ಅಂದೆ. ಜನ್ಮ ದಿನಾಂಕ, ಸೇರಿದ ದಿನ, ಪರೀಕ್ಷೆಯ ಕಾಲಂ, ಒಂದೊಂದಾಗಿ ಬೆರಳಿಟ್ಟು ನೋಡಿದೆ. ಎಲ್ಲ ಸರಿ ಇತ್ತು, ಒಂದು ಬಿಟ್ಟು. 2022ರಲ್ಲಿ ಬಡ್ತಿ ಪಡೆದ ಆ ನಾಲ್ಕನೆಯವರು ನನಗಿಂತ ಮೇಲಿದ್ದಾರೆ. ಮುಂದೂಡಿದ್ದು ನನ್ನ ತಪ್ಪಿನಿಂದ ಅಲ್ಲವಾದ್ದರಿಂದ ಹಳೇ ಕ್ರಮದಲ್ಲೇ ನನ್ನನ್ನು ಇಡಬೇಕು ಅಂತ ಆಕ್ಷೇಪಣೆ ಬರೆದೆ, ಎರಡು ಹಾಳೆ, ಏಳು ಅಡಕ. ಟಪಾಲಿನವರು ಮೊಹರು ಒತ್ತುವಾಗ ಶಾಯಿ ಸರಿಯಾಗಿ ಬೀಳಲಿಲ್ಲ. ದಿನಾಂಕ ಓದಲು ಬರುತ್ತಿರಲಿಲ್ಲ. ಇನ್ನೊಮ್ಮೆ ಒತ್ತಿ ಅಂದೆ.